ಗ್ರಾಫ್‌ನಲ್ಲಿ ಕಂಡ ಅಲೆ ಸರ್ಕ್ಯೂಟ್‌ನಲ್ಲಿಯೂ ಇದೆಯೇ?

ಪ್ರಶ್ನೆ: 12 ವೋಲ್ಟ್ ಅನ್ನು 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ ಒಂದನ್ನು ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರ್‌ನಲ್ಲಿ ಸಿಮ್ಯುಲೇಟ್ ಮಾಡುತ್ತಿದ್ದೇನೆ. ಸ್ವಿಚಿಂಗ್ ಆವರ್ತನ 100 ಕಿಲೋಹರ್ಟ್ಸ್, ಇಂಡಕ್ಟರ್ 47 ಮೈಕ್ರೋಹೆನ್ರಿ, ಔಟ್‌ಪುಟ್ ಕೆಪಾಸಿಟರ್ 100 ಮೈಕ್ರೋಫ್ಯಾರಡ್ (ಸದ್ಯಕ್ಕೆ ಒಳರೋಧವಿಲ್ಲದ ಆದರ್ಶ ಕೆಪಾಸಿಟರ್), ಲೋಡ್ 1 ಆಂಪಿಯರ್. 50 ಮಿಲಿಸೆಕೆಂಡ್ ಓಡಿಸಿದಾಗ ಔಟ್‌ಪುಟ್ ರಿಪಲ್ (5 ವೋಲ್ಟ್‌ನ ಮೇಲೆ ಕುಳಿತ ಚಿಕ್ಕ ಏರಿಳಿತ) ಕತ್ತರಿಸಿದ ಗೆರೆಗಳಂತೆ, ಒಂದೊಂದು ಆವರ್ತದಲ್ಲಿ ಒಂದೊಂದು ಎತ್ತರದಲ್ಲಿ ಕಂಡಿತು. ದತ್ತಾಂಶದ ಸಂಕೋಚನವನ್ನು ನಿಲ್ಲಿಸಿ ಎಂದು ಒಬ್ಬರು ಹೇಳಿದರು. ನಿಲ್ಲಿಸಿದೆ, ಫೈಲ್ 3 ಗಿಗಾಬೈಟ್ ಆಯಿತು, ತೆರೆಯಲು ಹೋದರೆ ಕಂಪ್ಯೂಟರ್ ನಿಂತೇ ಬಿಡುತ್ತದೆ. ಕೊನೆಗೆ ಪೈಥಾನ್‌ನಲ್ಲಿ ಅದನ್ನು ಸಮಾನ ಅಂತರದ 5000 ಬಿಂದುಗಳಿಗೆ ಇಳಿಸಿ ಗ್ರಾಫ್ ಹಾಕಿದರೆ 50 ಮಿಲಿಸೆಕೆಂಡ್ ಉದ್ದಕ್ಕೂ ಒಂದೇ ಒಂದು ದೊಡ್ಡ ಅಲೆ ಕಾಣುತ್ತಿದೆ, ಅಂದರೆ 20 ಹರ್ಟ್ಸ್. ಔಟ್‌ಪುಟ್ ಅನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ನನ್ನ ನಿಯಂತ್ರಣ ಲೂಪ್ ಆಂದೋಲಿಸುತ್ತಿದೆಯೇ? ಸಿಗ್ನಲ್‌ಗಳನ್ನು ದಾಖಲಿಸಿ ನೋಡುವ ಸರಿಯಾದ ಕ್ರಮ ಯಾವುದು?

ಉತ್ತರ: 20 ಹರ್ಟ್ಸ್‌ನ ಆ ಅಲೆ ನಿಮ್ಮ ಸರ್ಕ್ಯೂಟ್‌ನದ್ದಲ್ಲ. ಅದನ್ನು ಹುಟ್ಟಿಸಿದ್ದು ನೀವು ಆರಿಸಿಕೊಂಡ 5000 ಎಂಬ ಸಂಖ್ಯೆ. ಲೂಪ್ ಸರಿಪಡಿಸುವ ರೆಸಿಸ್ಟರ್, ಕೆಪಾಸಿಟರ್‌ಗಳ ಬೆಲೆಗಳನ್ನು ದಯವಿಟ್ಟು ಈಗ ಮುಟ್ಟಬೇಡಿ.

ಲೆಕ್ಕ ನೋಡಿ. 50 ಮಿಲಿಸೆಕೆಂಡ್‌ನಲ್ಲಿ 100 ಕಿಲೋಹರ್ಟ್ಸ್‌ನ ಸ್ವಿಚಿಂಗ್ ಸರಿಯಾಗಿ 5000 ಆವರ್ತಗಳನ್ನು ಮುಗಿಸುತ್ತದೆ. ಮೊದಲ ಕ್ಷಣ, ಕೊನೆಯ ಕ್ಷಣ ಎರಡನ್ನೂ ಸೇರಿಸಿ 5000 ಬಿಂದುಗಳನ್ನು ತೆಗೆದರೆ ಅವುಗಳ ನಡುವಿನ ಅಂತರಗಳು 4999 ಮಾತ್ರ. ಐದು ಬೆರಳುಗಳ ನಡುವೆ ನಾಲ್ಕೇ ಸಂದುಗಳಿರುವಂತೆ. ಹಾಗಾಗಿ ಪ್ರತಿ ಅಂತರವೂ ಒಂದು ಆವರ್ತಕ್ಕಿಂತ ಕೂದಲೆಳೆಯಷ್ಟು ಉದ್ದ: 10 ಮೈಕ್ರೋಸೆಕೆಂಡ್ ಅಲ್ಲ, 10.002 ಮೈಕ್ರೋಸೆಕೆಂಡ್. ಮೊದಲ ಬಿಂದು ರಿಪಲ್‌ನ ತಳದಲ್ಲಿ ಬಿದ್ದರೆ ಎರಡನೆಯದು ಮುಂದಿನ ಆವರ್ತದ ತಳಕ್ಕಿಂತ ತುಸು ಆಚೆ ಬೀಳುತ್ತದೆ, ಮೂರನೆಯದು ಇನ್ನೂ ತುಸು ಆಚೆ. ಹೀಗೆ ಜಾರುತ್ತಾ ಜಾರುತ್ತಾ 4999 ಅಂತರಗಳು ಮುಗಿಯುವಾಗ ಬಿಂದುಗಳು ರಿಪಲ್‌ನ ಒಂದು ಇಡೀ ಆವರ್ತವನ್ನು ಸವರಿಕೊಂಡು ಬಂದಿರುತ್ತವೆ. ಗ್ರಾಫ್‌ನಲ್ಲಿ ಅದು 50 ಮಿಲಿಸೆಕೆಂಡ್ ಉದ್ದದ ಒಂದು ಅಲೆಯಾಗಿ ಕಾಣುತ್ತದೆ. ನೀವು ನೋಡಿದ್ದು ನಿಮ್ಮದೇ ರಿಪಲ್. ಸುಮಾರು ಐದು ಸಾವಿರ ಪಟ್ಟು ನಿಧಾನಗೊಂಡ ರಿಪಲ್.

ಇದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ. ಅದೇ ದತ್ತಾಂಶದಿಂದ 5001 ಬಿಂದುಗಳನ್ನು ತೆಗೆಯಿರಿ: ಆರಂಭದ ಏರಿಕೆ ಮುಗಿದ ಮೇಲೆ ಅಲೆ ಮಾಯವಾಗಿ ನೇರ ಗೆರೆ ಬರುತ್ತದೆ. 4995 ತೆಗೆಯಿರಿ: 4994 ಅಂತರಗಳು, 5000 ಆವರ್ತಗಳು, ಆರು ಅಲೆಗಳು. ಬಿಂದುಗಳ ಸಂಖ್ಯೆಯನ್ನು ಬದಲಿಸಿದಾಗ ಬದಲಾಗುವ ಅಲೆಯನ್ನು ಸರ್ಕ್ಯೂಟ್ ಮಾಡುತ್ತಿರಲು ಸಾಧ್ಯವಿಲ್ಲ. ಇನ್ನೊಂದು ಸುಳಿವು ಮೊದಲೇ ಇತ್ತು. ನಿಮ್ಮ ಇಂಡಕ್ಟರ್ ಮತ್ತು ಕೆಪಾಸಿಟರ್ ಜೋಡಿಯ ಸಹಜ ಆವರ್ತನ ಸುಮಾರು 2.3 ಕಿಲೋಹರ್ಟ್ಸ್. ಇಂಥ ಲೂಪ್ ಆಂದೋಲನಕ್ಕೆ ಬಿದ್ದರೆ ಅದು ಸಾಮಾನ್ಯವಾಗಿ ಕಿಲೋಹರ್ಟ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ. 20 ಹರ್ಟ್ಸ್ ಅಲ್ಲಿಂದ ನೂರು ಪಟ್ಟಿಗಿಂತ ಕೆಳಗಿದೆ.

ಕುತೂಹಲದ ಸಂಗತಿಯೆಂದರೆ ನಿಮಗೆ ಮೋಸ ಮಾಡಿದ ಈ ಜಾರುವಿಕೆಯನ್ನೇ ಸ್ಯಾಂಪ್ಲಿಂಗ್ ಆಸಿಲೋಸ್ಕೋಪ್‌ಗಳು ಉದ್ದೇಶಪೂರ್ವಕವಾಗಿ ಬಳಸುತ್ತವೆ. ತಮ್ಮ ವೇಗಕ್ಕೆ ಮೀರಿದ, ಆದರೆ ಮರುಕಳಿಸುತ್ತಲೇ ಇರುವ ಸಿಗ್ನಲ್‌ನ ಪ್ರತಿ ಆವರ್ತದಿಂದ ಒಂದೊಂದೇ ಬಿಂದುವನ್ನು ತುಸು ಸರಿಸಿ ಹಿಡಿದು, ಇಡೀ ರೂಪವನ್ನು ಕಟ್ಟುತ್ತವೆ. ಗೊತ್ತಿದ್ದು ಮಾಡಿದರೆ ಅದು ಉಪಕರಣ.

ಈಗ ಮೂಲಕ್ಕೆ ಹೋಗೋಣ, ಏಕೆಂದರೆ ನಿಮ್ಮ ಮೂರು ತೊಂದರೆಗಳ ಬೇರು ಒಂದೇ. ಸಿಮ್ಯುಲೇಟರ್‌ನಲ್ಲಿ ನಿರಂತರವಾದ ಸಿಗ್ನಲ್ ಎಂಬುದು ಎಲ್ಲಿಯೂ ಇರುವುದಿಲ್ಲ. ಇರುವುದು ಲೆಕ್ಕ ಹಾಕಿದ ಕೆಲವು ಕ್ಷಣಗಳು. ಆ ಕ್ಷಣಗಳನ್ನು ಮೊದಲು ಸಾಲ್ವರ್ (ಸರ್ಕ್ಯೂಟ್‌ನ ಸಮೀಕರಣಗಳನ್ನು ಬಿಡಿಸುವ ಭಾಗ) ಆರಿಸುತ್ತದೆ, ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ದಾಖಲೆ ಬರೆಯುವ ಭಾಗ ಆರಿಸುತ್ತದೆ, ಉಳಿದವುಗಳಲ್ಲಿ ಯಾವುದನ್ನು ತೋರಿಸಬೇಕೆಂದು ಗ್ರಾಫ್ ಬಿಡಿಸುವ ಭಾಗ ಆರಿಸುತ್ತದೆ. ನಡುವಿನ ಜಾಗವನ್ನೆಲ್ಲ ನೇರ ಗೆರೆಗಳು ತುಂಬುತ್ತವೆ. ಈ ಮೂರು ಆಯ್ಕೆಗಳಲ್ಲಿ ಯಾವುದು ಎಲ್ಲಿ ನಡೆಯಿತೆಂದು ತಿಳಿಯದೆ ಗ್ರಾಫ್ ಅನ್ನು ಓದಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಆಯ್ಕೆ ಸಾಲ್ವರ್‌ನದ್ದು. ಅದು ಸಮಾನ ಹೆಜ್ಜೆಗಳಲ್ಲಿ ನಡೆಯುವುದಿಲ್ಲ. ಸ್ವಿಚ್ ತೆರೆದು ಮುಚ್ಚುವ ಅಂಚಿನಲ್ಲಿ ನ್ಯಾನೋಸೆಕೆಂಡ್‌ಗಿಂತಲೂ ಚಿಕ್ಕ ಹೆಜ್ಜೆ ಇಡುತ್ತದೆ. ಏನೂ ನಡೆಯದ ಕಡೆ ದಾಪುಗಾಲು ಹಾಕುತ್ತದೆ. ಎಷ್ಟು ಕಾಲ ಓಡಿಸಬೇಕೆಂದು ಹೇಳುವ ಟ್ರಾನ್ ಆಜ್ಞೆಯಲ್ಲಿ ಬರೆಯುವ ಮೊದಲ ಸಂಖ್ಯೆಯೇ ಆ ಹೆಜ್ಜೆಯ ಉದ್ದವೆಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಎಲ್‌ಟಿಸ್ಪೈಸ್‌ಗೆ ಮೂಲವಾದ ಸ್ಪೈಸ್ ಎಂಬ ಪ್ರೋಗ್ರಾಂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನಾಗೆಲ್ ಮತ್ತು ಅವರ ಮಾರ್ಗದರ್ಶಕ ಡೊನಾಲ್ಡ್ ಪೆಡರ್ಸನ್ ಅವರ ಕೈಯಲ್ಲಿ ರೂಪುಗೊಂಡು 1973ರಲ್ಲಿ ಹೊರಬಂದಾಗ ಅದರ ಫಲಿತಾಂಶ ಬರುತ್ತಿದ್ದುದು ಲೈನ್ ಪ್ರಿಂಟರ್‌ನಲ್ಲಿ, ಅಂಕಿಗಳ ಕೋಷ್ಟಕವಾಗಿ ಇಲ್ಲವೇ ಅಕ್ಷರಗಳಿಂದಲೇ ಬಿಡಿಸಿದ ಗ್ರಾಫ್ ಆಗಿ. ಎಷ್ಟು ಸಮಯಕ್ಕೊಂದು ಸಾಲು ಅಚ್ಚಾಗಬೇಕೆಂದು ಹೇಳುವುದಕ್ಕಾಗಿ ಆ ಮೊದಲ ಸಂಖ್ಯೆ ಇತ್ತು. ಪ್ರಿಂಟರ್ ಹೋಯಿತು, ಸಂಖ್ಯೆ ಉಳಿಯಿತು. ಹೆಜ್ಜೆಯನ್ನು ನಿಜವಾಗಿ ಹಿಡಿತದಲ್ಲಿಡುವುದು ನಾಲ್ಕನೆಯ ಸಂಖ್ಯೆ, ಅಂದರೆ ಗರಿಷ್ಠ ಹೆಜ್ಜೆ. ಎರಡನೆಯದು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಮೂರನೆಯದು ಎಲ್ಲಿಂದ ದಾಖಲಿಸಬೇಕೆಂದು ಹೇಳುತ್ತದೆ. ನಿಮ್ಮ ಪಾಲಿಗೆ ಅದೇ ಅತ್ಯಂತ ಉಪಯುಕ್ತ.

ಎರಡನೆಯ ಆಯ್ಕೆ ದಾಖಲೆಯದ್ದು. ನಿಮ್ಮ ಮೊದಲ ಗ್ರಾಫ್ ಕೆಟ್ಟದ್ದು ಇಲ್ಲಿ. ಎಲ್‌ಟಿಸ್ಪೈಸ್ ತಾನಾಗಿಯೇ ತರಂಗರೂಪವನ್ನು ಸಂಕುಚಿಸುತ್ತದೆ: ಅಕ್ಕಪಕ್ಕದ ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿದರೆ ಆಗುವ ತಪ್ಪು ಒಂದು ಮಿತಿಯೊಳಗಿದ್ದರೆ ನಡುವಿನ ಬಿಂದುಗಳನ್ನು ಎಸೆಯುತ್ತದೆ. ಆ ಮಿತಿ, ನೀವು ಬದಲಿಸದಿದ್ದರೆ, ಬೆಲೆಯ 0.25 ಶೇಕಡಾ. 5 ವೋಲ್ಟ್‌ಗೆ ಅದು 12.5 ಮಿಲಿವೋಲ್ಟ್. ಈಗ ನಿಮ್ಮ ರಿಪಲ್ ಎಷ್ಟಿರಬೇಕು? ಡ್ಯೂಟಿ (ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲು) 5/12, ಅಂದರೆ 0.417. ಇಂಡಕ್ಟರ್ ಕರೆಂಟ್‌ನ ಏರಿಳಿತ 5 × 0.583 ÷ (100 ಕಿಲೋಹರ್ಟ್ಸ್ × 47 ಮೈಕ್ರೋಹೆನ್ರಿ), ಸುಮಾರು 0.62 ಆಂಪಿಯರ್. ಇದನ್ನು 8 × ಆವರ್ತನ × ಕೆಪಾಸಿಟನ್ಸ್‌ನಿಂದ ಭಾಗಿಸಿದರೆ 7.8 ಮಿಲಿವೋಲ್ಟ್. ನೀವು ನೋಡಲು ಹೊರಟ ಇಡೀ ಸಂಗತಿಯೇ ಸಾಫ್ಟ್‌ವೇರ್ ನಗಣ್ಯವೆಂದು ಬಗೆಯುವ ಗಾತ್ರಕ್ಕಿಂತ ಚಿಕ್ಕದು. ರಿಪಲ್‌ನ ಬಾಗುಗಳು ಒಂದು ಆವರ್ತದಲ್ಲಿ ಇಷ್ಟು, ಇನ್ನೊಂದರಲ್ಲಿ ಅಷ್ಟು ಎಂದು ಸವೆದುಹೋದದ್ದು ಅದಕ್ಕೇ. ನೂರು ವೋಲ್ಟ್‌ನ ಸಿಗ್ನಲ್ ನೋಡುವವರಿಗೆ ಈ ಸಂಕೋಚನ ಬಹಳ ಒಳ್ಳೆಯ ಅನುಕೂಲ. ದೊಡ್ಡ ವೋಲ್ಟೇಜ್‌ನ ಮೇಲೆ ಕುಳಿತ ಚಿಕ್ಕ ಏರಿಳಿತವನ್ನು ನೋಡುವವರಿಗೆ ಅದು ಹೊಂದುವುದಿಲ್ಲ. ಪ್ಲಾಟ್‌ವಿನ್‌ಸೈಜ್ ಎಂಬ ಆಯ್ಕೆಯನ್ನು ಸೊನ್ನೆಗೆ ಇಟ್ಟು ಅದನ್ನು ನಿಲ್ಲಿಸಿದ್ದು ಸರಿಯಾದ ಕೆಲಸವೇ. ಸಲಹೆ ಕೊಟ್ಟವರು ಅರ್ಧ ಹೇಳಿದರು, ಅಷ್ಟೇ.

ಉಳಿದ ಅರ್ಧ ಇದು: ಸಂಕೋಚನ ನಿಲ್ಲಿಸಿದ ಮೇಲೆ ಏನನ್ನು, ಯಾವಾಗಿನಿಂದ ಬರೆಯಬೇಕೆಂದು ನೀವೇ ಹೇಳಬೇಕು. ಹೇಳದಿದ್ದರೆ ಸಿಮ್ಯುಲೇಟರ್ ಪ್ರತಿ ನೋಡ್‌ನ (ಘಟಕಗಳು ಸೇರುವ ಬಿಂದುವಿನ) ವೋಲ್ಟೇಜ್, ಪ್ರತಿ ಘಟಕದ ಕರೆಂಟ್, ಎಲ್ಲವನ್ನೂ ಬರೆಯುತ್ತದೆ. ನಿಯಂತ್ರಣ ಭಾಗವೂ ಸೇರಿದ ನಿಮ್ಮ ಸರ್ಕ್ಯೂಟ್‌ನಲ್ಲಿ ಇಂಥ 200 ಸಿಗ್ನಲ್‌ಗಳಿವೆ ಎಂದುಕೊಳ್ಳೋಣ. ಎಲ್‌ಟಿಸ್ಪೈಸ್ ಕಾಲವನ್ನು 8 ಬೈಟ್‌ಗಳಲ್ಲಿ, ಉಳಿದ ಪ್ರತಿ ಸಿಗ್ನಲ್ ಅನ್ನು 4 ಬೈಟ್‌ಗಳಲ್ಲಿ ಬರೆಯುತ್ತದೆ. ಒಂದು ಬಿಂದುವಿಗೆ 808 ಬೈಟ್. 3 ಗಿಗಾಬೈಟ್ ಎಂದರೆ ಸುಮಾರು 37 ಲಕ್ಷ ಬಿಂದುಗಳು, ಆವರ್ತಕ್ಕೆ 740ರಷ್ಟು. ನೀವು ನೋಡಬಯಸಿದ್ದು ಎರಡು ಮೂರು ಸಿಗ್ನಲ್, ಅದೂ ಸ್ಥಿರವಾದ ಮೇಲಿನ ಕೆಲವು ಆವರ್ತಗಳು.

ಕಂಪ್ಯೂಟರ್ ನಿಂತದ್ದಕ್ಕೂ ಕಾರಣ ಇಲ್ಲೇ ಇದೆ. ಸಾಮಾನ್ಯ ಫೈಲ್‌ನಲ್ಲಿ ಒಂದು ಕ್ಷಣದ 200 ಬೆಲೆಗಳು ಒಟ್ಟಿಗೆ, ಆಮೇಲೆ ಮುಂದಿನ ಕ್ಷಣದ 200 ಬೆಲೆಗಳು ಎಂಬ ಕ್ರಮ ಇರುತ್ತದೆ. ಒಂದೇ ಸಿಗ್ನಲ್ ಬೇಕೆಂದರೂ ಇಡೀ ಫೈಲ್ ಅನ್ನು ಹಾಯಬೇಕು. ಎಲ್‌ಟಿಸ್ಪೈಸ್‌ನಲ್ಲಿ ಫಾಸ್ಟ್ ಆಕ್ಸೆಸ್ ಎಂಬ ಇನ್ನೊಂದು ರೂಪವಿದೆ. ಅದಕ್ಕೆ ಪರಿವರ್ತಿಸಿದರೆ ಒಂದೊಂದು ಸಿಗ್ನಲ್‌ನ ಬೆಲೆಗಳು ಒಂದೆಡೆ ಕೂಡುತ್ತವೆ, ತೆರೆಯುವುದು ಬಹಳ ಬೇಗವಾಗುತ್ತದೆ. ಈಗಾಗಲೇ ಇರುವ ದೊಡ್ಡ ಫೈಲ್ ಅನ್ನು ಉಳಿಸಿಕೊಳ್ಳಬೇಕಿದ್ದರೆ ಅದನ್ನು ಮಾಡಿ. ಹೊಸದಾಗಿ ಓಡಿಸುವುದಿದ್ದರೆ ಬೇಡ.

ಹೊಸದಾಗಿ ಹೀಗೆ ಓಡಿಸಿ. ಸೇವ್ ಆಜ್ಞೆಯಲ್ಲಿ ಔಟ್‌ಪುಟ್ ವೋಲ್ಟೇಜ್, ಸ್ವಿಚ್ ನೋಡ್‌ನ (ಸ್ವಿಚ್ ಮತ್ತು ಇಂಡಕ್ಟರ್ ಸೇರುವಲ್ಲಿನ) ವೋಲ್ಟೇಜ್, ಇಂಡಕ್ಟರ್ ಕರೆಂಟ್, ಈ ಮೂರನ್ನು ಮಾತ್ರ ಹೆಸರಿಸಿ. ಟ್ರಾನ್ ಆಜ್ಞೆಯ ನಾಲ್ಕು ಸಂಖ್ಯೆಗಳು ಕ್ರಮವಾಗಿ 0, 50 ಮಿಲಿಸೆಕೆಂಡ್, 49 ಮಿಲಿಸೆಕೆಂಡ್, 50 ನ್ಯಾನೋಸೆಕೆಂಡ್ ಆಗಿರಲಿ. ಸಂಕೋಚನ ನಿಂತೇ ಇರಲಿ. ದಾಖಲಾಗುವುದು ಕೊನೆಯ 1 ಮಿಲಿಸೆಕೆಂಡ್, ಸರಿಯಾಗಿ 100 ಆವರ್ತಗಳು, ಆವರ್ತಕ್ಕೆ ಕನಿಷ್ಠ 200 ಬಿಂದುಗಳು. ಬಿಂದುವಿಗೆ 20 ಬೈಟ್‌ನಂತೆ 20,000 ಬಿಂದುಗಳಿಗೆ 400 ಕಿಲೋಬೈಟ್. ಸ್ವಿಚ್ ಅಂಚುಗಳಲ್ಲಿ ಇನ್ನಷ್ಟು ಬಿಂದುಗಳು ಸೇರಿ ಇದು ಕೆಲವು ಪಟ್ಟು ಹೆಚ್ಚಾದರೂ ಫೈಲ್ ಕ್ಷಣಾರ್ಧದಲ್ಲಿ ತೆರೆಯುತ್ತದೆ. ಒಂದು ಎಚ್ಚರಿಕೆ: 49 ಮಿಲಿಸೆಕೆಂಡ್‌ವರೆಗಿನ ಲೆಕ್ಕವನ್ನು ಸಿಮ್ಯುಲೇಟರ್ ಮಾಡಲೇಬೇಕು, ಬರೆಯುವುದಿಲ್ಲ ಅಷ್ಟೇ. ಓಡುವ ಸಮಯ ಹೆಚ್ಚು ಇಳಿಯುವುದಿಲ್ಲ. ಆರಂಭದ ಏರಿಕೆಯನ್ನೂ ನೋಡಬೇಕಿದ್ದರೆ ಅದಕ್ಕೆ ಬೇರೆಯದೇ ಓಟ ಇಟ್ಟುಕೊಳ್ಳಿ. ಅಲ್ಲಿ ಸಂಕೋಚನ ಇದ್ದರೂ ಅಡ್ಡಿಯಿಲ್ಲ, ಅಲ್ಲಿ ನಿಮ್ಮ ಪ್ರಶ್ನೆ ಮಿಲಿವೋಲ್ಟ್‌ಗಳದ್ದಲ್ಲ.

ಸೇವ್‌ನಲ್ಲಿ ಹೆಸರಿಸುವ ಮುನ್ನ ಆ ನೋಡ್‌ಗಳಿಗೆ ನೀವೇ ಹೆಸರು ಕೊಡಿ. ಸಾಫ್ಟ್‌ವೇರ್ ತಾನೇ ಇಡುವ ಕ್ರಮಸಂಖ್ಯೆಯ ಹೆಸರುಗಳು ಚಿತ್ರದಲ್ಲಿ ಒಂದು ರೆಸಿಸ್ಟರ್ ಸೇರಿಸಿದೊಡನೆ ಬದಲಾಗಬಹುದು. ಆಗ ನಿನ್ನೆಯ ಹೆಸರಿನಲ್ಲಿ ಇಂದು ಬೇರೊಂದು ನೋಡ್ ದಾಖಲಾಗುತ್ತದೆ, ಯಾವ ದೋಷಸಂದೇಶವೂ ಬರುವುದಿಲ್ಲ. ಕರೆಂಟ್‌ನ ದಿಕ್ಕನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಸ್ಪೈಸ್‌ನಲ್ಲಿ ವೋಲ್ಟೇಜ್ ಮೂಲದ ಧನಾಗ್ರದಿಂದ ಒಳಹೊಕ್ಕು ಋಣಾಗ್ರದ ಕಡೆಗೆ ಹರಿಯುವುದು ಧನ ಕರೆಂಟ್; ಹಾಗಾಗಿ ಶಕ್ತಿ ಕೊಡುತ್ತಿರುವ ಬ್ಯಾಟರಿಯ ಕರೆಂಟ್ ಋಣವಾಗಿ ಕಾಣುವುದು ತಪ್ಪಲ್ಲ. ಯಾವುದೋ ತಂತಿಯ ಕರೆಂಟ್ ಬೇಕಾಗಿ ಅಲ್ಲಿ ಘಟಕವೇ ಇಲ್ಲದಿದ್ದರೆ ಸೊನ್ನೆ ವೋಲ್ಟ್‌ನ ಮೂಲವೊಂದನ್ನು ಅಲ್ಲಿ ಸೇರಿಸಿ. ಸ್ಪೈಸ್‌ನಲ್ಲಿ ಅದೇ ಆಮ್ಮೀಟರ್, ಸರ್ಕ್ಯೂಟ್‌ಗೆ ಅದರಿಂದ ಏನೂ ಆಗುವುದಿಲ್ಲ.

4 ಬೈಟ್‌ಗಳ ವಿಷಯವನ್ನು ಮತ್ತೊಮ್ಮೆ ಎತ್ತುತ್ತೇನೆ, ಏಕೆಂದರೆ ಮುಂದೆ ದೊಡ್ಡ ವೋಲ್ಟೇಜ್‌ನ ಸರ್ಕ್ಯೂಟ್‌ಗೆ ಹೋದಾಗ ಅದು ಕಾಡುತ್ತದೆ. 4 ಬೈಟ್‌ನ ಸಂಖ್ಯೆಯಲ್ಲಿ ಸುಮಾರು ಏಳು ಅಂಕಿಗಳ ನಿಖರತೆ ಇದೆ. 5 ವೋಲ್ಟ್‌ನಲ್ಲಿ ಅದರ ಅತಿ ಚಿಕ್ಕ ಮೆಟ್ಟಿಲು ಅರ್ಧ ಮೈಕ್ರೋವೋಲ್ಟ್‌ಗಿಂತ ಕಡಿಮೆ, ನಿಮಗೆ ಬೇಕಾದಷ್ಟಾಯಿತು. 400 ವೋಲ್ಟ್‌ನಲ್ಲಿ ಅದು 30 ಮೈಕ್ರೋವೋಲ್ಟ್. ಅಲ್ಲಿ ಕರೆಂಟ್ ಅಳೆಯುವ ರೆಸಿಸ್ಟರ್‌ನ ಎರಡು ತುದಿಗಳ ವೋಲ್ಟೇಜ್‌ಗಳನ್ನು ಬೇರೆ ಬೇರೆ ದಾಖಲಿಸಿ ಆಮೇಲೆ ಕಳೆದರೆ ಫಲಿತಾಂಶ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ನೋಡಿದವರು ಸದ್ದು ಎಂದು ಭ್ರಮಿಸುತ್ತಾರೆ. ನಮ್‌ಡಿಜಿಟ್ ಆಯ್ಕೆಯನ್ನು 6ಕ್ಕಿಂತ ಹೆಚ್ಚಿಗೆ ಇಟ್ಟರೆ ಎಲ್‌ಟಿಸ್ಪೈಸ್ ಎಲ್ಲವನ್ನೂ 8 ಬೈಟ್‌ಗಳಲ್ಲಿ ಬರೆಯುತ್ತದೆ. ಎನ್‌ಜಿಸ್ಪೈಸ್ ಎಂಬ ಇನ್ನೊಂದು ಸಿಮ್ಯುಲೇಟರ್ ಮೊದಲಿನಿಂದಲೂ 8 ಬೈಟ್‌ಗಳನ್ನೇ ಬಳಸುತ್ತದೆ.

ಮೂರನೆಯ ಆಯ್ಕೆ ಪರದೆಯದ್ದು. 37 ಲಕ್ಷ ಬಿಂದುಗಳನ್ನು 2000 ಪಿಕ್ಸೆಲ್ ಅಗಲದ ಪರದೆಯಲ್ಲಿ ತೋರಿಸಿದರೆ ಒಂದು ಪಿಕ್ಸೆಲ್ ಕಂಬಕ್ಕೆ 1850 ಬಿಂದುಗಳು. ಆಗ ಕಾಣುವ ದಪ್ಪ ಪಟ್ಟಿಯಿಂದ ಗರಿಷ್ಠ, ಕನಿಷ್ಠಗಳನ್ನಷ್ಟೇ ಓದಬಹುದು, ರೂಪವನ್ನು ಓದಲಾಗದು. ಹತ್ತು ಆವರ್ತಗಳಷ್ಟೇ ಕಾಣುವಂತೆ ಹಿಗ್ಗಿಸಿ. ಔಟ್‌ಪುಟ್‌ನಿಂದ 5 ವೋಲ್ಟ್ ಕಳೆದ ಅಭಿವ್ಯಕ್ತಿಯನ್ನು ಗ್ರಾಫ್ ಮಾಡಿದರೆ ಅಕ್ಷದ ಮೇಲೆ ನೇರವಾಗಿ ಮಿಲಿವೋಲ್ಟ್‌ಗಳು ಸಿಗುತ್ತವೆ. ಕಂಟ್ರೋಲ್ ಕೀ ಒತ್ತಿ ಸಿಗ್ನಲ್‌ನ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಸರಾಸರಿ ಮತ್ತು ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಬೆಲೆ ಬರುತ್ತದೆ. ಆದರೆ ಅದು ಆ ಹೊತ್ತಿಗೆ ಪರದೆಯಲ್ಲಿ ಕಾಣುತ್ತಿರುವ ಭಾಗದ ಬೆಲೆ. ಹನ್ನೊಂದೂವರೆ ಆವರ್ತ ಕಾಣುತ್ತಿದ್ದರೆ ಆ ಅರ್ಧ ಆವರ್ತ ಲೆಕ್ಕವನ್ನು ವಾಲಿಸುತ್ತದೆ. ಇದಕ್ಕಾಗಿಯೇ ನಾನು ಮೆಷರ್ ಆಜ್ಞೆಯನ್ನು ಮೆಚ್ಚುತ್ತೇನೆ: ದಾಖಲಾದ ಆ ಕೊನೆಯ 1 ಮಿಲಿಸೆಕೆಂಡ್‌ನಲ್ಲಿ ಗರಿಷ್ಠ ಕನಿಷ್ಠಗಳ ಅಂತರ ಎಷ್ಟು, ಸರಾಸರಿ ಎಷ್ಟು ಎಂದು ಬರೆದಿಟ್ಟರೆ ಪ್ರತಿ ಓಟದಲ್ಲೂ ಅದೇ ಗಡಿಗಳೊಳಗೆ ಅಳತೆಯಾಗುತ್ತದೆ. ಎಲ್‌ಟಿಸ್ಪೈಸ್‌ನಲ್ಲಿ ಈ ಅಳತೆ ನಡೆಯುವುದು ಓಟ ಮುಗಿದ ಮೇಲೆ, ದಾಖಲಾದ ಬಿಂದುಗಳ ಮೇಲೆ. ಸಂಕೋಚನ ಬಿಂದುಗಳನ್ನು ಎಸೆದಿದ್ದರೆ ಮೆಷರ್ ಕೂಡ ಅದೇ ಸವೆದ ರಿಪಲ್ ಅನ್ನು ಅಳೆಯುತ್ತದೆ.

ಪೈಥಾನ್‌ಗೆ ಒಯ್ಯುವಾಗಿನ ಒಂದು ತಪ್ಪನ್ನು ನೀವು ಕೇಳದಿದ್ದರೂ ಹೇಳಬೇಕು. ಬಿಂದುಗಳು ಅಸಮಾನ ಅಂತರದಲ್ಲಿರುವುದರಿಂದ ಕಾಲಂನ ಬೆಲೆಗಳನ್ನು ಕೂಡಿಸಿ ಎಣಿಕೆಯಿಂದ ಭಾಗಿಸಿದರೆ ಸಿಗುವುದು ಸರಾಸರಿ ವೋಲ್ಟೇಜ್ ಅಲ್ಲ. ಸ್ವಿಚ್ ನೋಡ್ ಒಂದು ಆವರ್ತದಲ್ಲಿ 12 ವೋಲ್ಟ್‌ನಲ್ಲಿರುವಾಗ 90 ಬಿಂದುಗಳು, ಸೊನ್ನೆಯಲ್ಲಿರುವಾಗ 60 ಬಿಂದುಗಳು ಬಿದ್ದವೆಂದುಕೊಳ್ಳಿ. ಆ ಲೆಕ್ಕ 7.2 ವೋಲ್ಟ್ ಎನ್ನುತ್ತದೆ; ನಿಜವಾದ ಸರಾಸರಿ 5 ವೋಲ್ಟ್. ಪ್ರತಿ ಬೆಲೆಯನ್ನು ಅದು ಆವರಿಸಿದ ಕಾಲದಿಂದ ಗುಣಿಸಿ ಕೂಡಿಸಬೇಕು, ಅಂದರೆ ಟ್ರೆಪೆಜಾಯ್ಡ್ ವಿಧಾನದಲ್ಲಿ ಸಮಾಕಲನ ಮಾಡಿ ಒಟ್ಟು ಕಾಲದಿಂದ ಭಾಗಿಸಬೇಕು. ದಕ್ಷತೆಯ ಲೆಕ್ಕದಲ್ಲಿ ಈ ತಪ್ಪು ನುಸುಳಿ, ನೂರಕ್ಕೆ ನೂರಕ್ಕಿಂತ ಹೆಚ್ಚು ದಕ್ಷತೆ ತೋರಿಸಿದ ವರದಿಗಳನ್ನು ನಾನೇ ತಿದ್ದಿದ್ದೇನೆ.

ಸಿಗ್ನಲ್‌ನಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ಬಿಡಿಸಿ ತೋರಿಸುವ ಎಫ್‌ಎಫ್‌ಟಿಗೂ ಸಮಾನ ಅಂತರದ ಬಿಂದುಗಳೇ ಬೇಕು. ಎನ್‌ಜಿಸ್ಪೈಸ್‌ನಲ್ಲಿ ಅದಕ್ಕೆ ಮೊದಲು ಲೀನಿಯರೈಸ್ ಆಜ್ಞೆ ಕೊಡಬೇಕು; ಎಲ್‌ಟಿಸ್ಪೈಸ್ ತಾನೇ ಒಳಗೊಳಗೆ ಹಾಗೆ ಮಾಡಿಕೊಳ್ಳುತ್ತದೆ. ಎರಡೂ ಕಡೆ ನಡುವಿನ ಬೆಲೆಗಳು ಅಂದಾಜಿನಿಂದ ಬರುತ್ತವೆ. ಸೈನ್ ಅಲೆಯೊಂದಕ್ಕೆ ಆವರ್ತಕ್ಕೆ 50 ಬಿಂದುಗಳಿದ್ದು ನಡುವೆ ನೇರ ಗೆರೆ ಎಳೆದರೆ ಅತಿ ಹೆಚ್ಚಿನ ತಪ್ಪು ಶಿಖರದ 0.2 ಶೇಕಡಾದಷ್ಟು, ಅಂದರೆ ಸುಮಾರು 54 ಡೆಸಿಬೆಲ್ ಕೆಳಗೆ. 200 ಬಿಂದುಗಳಿದ್ದರೆ 78 ಡೆಸಿಬೆಲ್ ಕೆಳಗೆ. ಇದಕ್ಕಿಂತ ಚಿಕ್ಕ ಹಾರ್ಮೋನಿಕ್‌ಗಳನ್ನು (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಅಂಶಗಳನ್ನು) ಹುಡುಕುವವರು ಗರಿಷ್ಠ ಹೆಜ್ಜೆಯನ್ನು ಇನ್ನೂ ಬಿಗಿಗೊಳಿಸಬೇಕು. ಜೊತೆಗೆ ಪೂರ್ಣಸಂಖ್ಯೆಯ ಆವರ್ತಗಳನ್ನೇ ಆರಿಸಬೇಕು. ನಾನು 49ರಿಂದ 50 ಎಂದದ್ದು ಅದಕ್ಕೂ ಅನುಕೂಲ: 1 ಮಿಲಿಸೆಕೆಂಡ್‌ನಿಂದ 1 ಕಿಲೋಹರ್ಟ್ಸ್ ಅಂತರದ ರೇಖೆಗಳು ಸಿಗುತ್ತವೆ, 100 ಕಿಲೋಹರ್ಟ್ಸ್ ಸರಿಯಾಗಿ ನೂರನೆಯ ರೇಖೆಯ ಮೇಲೆ ಕೂರುತ್ತದೆ.

ಮುಂದೆಂದಾದರೂ ಗ್ರಾಫ್‌ನಲ್ಲಿ ಅನುಮಾನ ಹುಟ್ಟಿಸುವ ಏನಾದರೂ ಕಂಡರೆ ಗರಿಷ್ಠ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ಇಂಡಕ್ಟರ್‌ನ ವೋಲ್ಟೇಜ್ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಹಾರುವ ಒಂದು ಗರಗಸವನ್ನು ನಾನು ಹಿಂದೊಮ್ಮೆ ಎರಡು ದಿನ ಪ್ಯಾರಾಸಿಟಿಕ್ (ಬೇಡದೆಯೂ ಬಂದು ಸೇರುವ) ಕೆಪಾಸಿಟನ್ಸ್‌ನ ತಲೆಗೆ ಕಟ್ಟಿ ಹುಡುಕಿದ್ದೆ. ಹೆಜ್ಜೆ ಅರ್ಧವಾದಾಗ ಗರಗಸದ ಆವರ್ತನ ಎರಡು ಪಟ್ಟಾಯಿತು. ಅದು ಸಾಲ್ವರ್ ಬಳಸುವ ಟ್ರೆಪೆಜಾಯ್ಡಲ್ ಸಮಾಕಲನದ ಸ್ವಭಾವ. ಗಿಯರ್ ಎಂಬ ಇನ್ನೊಂದು ಸಮಾಕಲನ ವಿಧಾನಕ್ಕೆ ಬದಲಿಸಿದೊಡನೆ ಅಡಗಿತು. ಗಿಯರ್ ವಿಧಾನ ನಿಜವಾದ ಆಂದೋಲನಗಳನ್ನೂ ತುಸು ತಗ್ಗಿಸುತ್ತದೆ, ಆದ್ದರಿಂದ ಅದನ್ನು ಪರೀಕ್ಷೆಗಾಗಿ ಬಳಸುತ್ತೇನೆ, ಕಾಯಂ ಆಗಿ ಅಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಲೂಪ್ ಸ್ಥಿರವಾಗಿದೆಯೇ ಎಂಬುದು. ಸ್ಥಿರ ಲೋಡ್‌ನ ಗ್ರಾಫ್ ಅದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ಲೂಪ್ ಅನ್ನು ಕೆಣಕಬೇಕು. 30 ಮಿಲಿಸೆಕೆಂಡ್‌ನಲ್ಲಿ ಲೋಡ್ ಅನ್ನು 1 ಆಂಪಿಯರ್‌ನಿಂದ 2 ಆಂಪಿಯರ್‌ಗೆ ಥಟ್ಟನೆ ಏರಿಸಿ, 29ರಿಂದ 34 ಮಿಲಿಸೆಕೆಂಡ್‌ವರೆಗೆ ದಾಖಲಿಸಿ. ಔಟ್‌ಪುಟ್ ಒಮ್ಮೆ ಕುಸಿದು, ಒಂದೆರಡು ತೂಗಾಟದಲ್ಲಿ 5 ವೋಲ್ಟ್‌ಗೆ ಮರಳಿದರೆ ಲೂಪ್ ಸಮಾಧಾನಕರವಾಗಿದೆ. ತೂಗಾಟ ಏಳೆಂಟು ಸಲ ಮುಂದುವರಿದರೆ ಫೇಸ್ ಮಾರ್ಜಿನ್, ಅಂದರೆ ಆಂದೋಲನದಿಂದ ಲೂಪ್‌ಗಿರುವ ಸುರಕ್ಷಿತ ಅಂತರ, ಕಡಿಮೆಯಿದೆ. ಕಾಂಪೆನ್ಸೇಶನ್‌ಗೆ, ಅಂದರೆ ಲೂಪ್ ಸರಿಪಡಿಸುವ ಆ ರೆಸಿಸ್ಟರ್, ಕೆಪಾಸಿಟರ್‌ಗಳಿಗೆ, ಕೈ ಹಾಕಬೇಕಾದದ್ದು ಆಗ. ಸ್ವಿಚಿಂಗ್ ರಿಪಲ್ ನಿಮ್ಮ ಕಣ್ಣಿಗೆ ಅಡ್ಡ ಬಂದರೆ ಬಿಂದುಗಳನ್ನು ಕಡಿಮೆ ಮಾಡಬೇಡಿ. ಮೊದಲು ಪ್ರತಿ 10 ಮೈಕ್ರೋಸೆಕೆಂಡ್‌ನ ಕಾಲತೂಕದ ಸರಾಸರಿ ತೆಗೆದು, ಆ 500 ಸರಾಸರಿಗಳನ್ನು ಗ್ರಾಫ್ ಮಾಡಿ.